ಕೊಳಕೆಯ ನೀರು

ಬೆಳ್ಯಪ್ಪಣ್ಣ, ನಿಮ್ಮ ಗದ್ದೆಯ ನೀರು ತಪ್ಪಿಸಿದ್ದು ಸರಕಾರವಲ್ಲ, ನಾನು. ಹತ್ತು ವರ್ಷ ಈ ಮಾತನ್ನು ನುಂಗಿಕೊಂಡೇ ನಿಮ್ಮ ಮನೆಯಲ್ಲಿ ಉಂಡಿದ್ದೇನೆ.

ನಮ್ಮಿಬ್ಬರ ಗದ್ದೆಗಳ ನಡುವೆ ಮಣ್ಣಿನ ಬದು, ಒಂದೇ ಒಂದು ಹುಣಿ. ಪಕ್ಕದಲ್ಲಿ ಹರಿಯುವ ತೋಡಿಗೆ ಊರವರೆಲ್ಲ ಸೇರಿ ಕಲ್ಲು, ಸೊಪ್ಪು, ಮಣ್ಣಿನ ಕಟ್ಟ ಹಾಕಿ, ಆ ನೀರಿನಲ್ಲಿ ಬೇಸಿಗೆಯ ಮೂರನೇ ಬೆಳೆ — ಕೊಳಕೆ — ತೆಗೆಯುತ್ತಿದ್ದೆವು. ಕಟ್ಟಕ್ಕೆ ಮಣ್ಣು ಹೊತ್ತವನಿಗೆ ನೀರಿನ ಸರದಿ. ಊರಿನ ಕಾನೂನು ಅಷ್ಟೇ, ಕಾಗದವೇನೂ ಇರಲಿಲ್ಲ. ಅದೇ ನೀರು, ಅದೇ ಮಣ್ಣು — ನಿಮ್ಮ ಪೈರು ಮಾತ್ರ ಕಣ್ಣು ಕುಕ್ಕುವಷ್ಟು ಹಸಿರು. ದಾರಿಹೋಕರು ನನ್ನ ಗದ್ದೆ ದಾಟಿ ಬಂದು ನಿಮ್ಮದನ್ನು ಹೊಗಳುತ್ತಿದ್ದರು. ನನ್ನ ಹೆಂಡತಿಯೂ ಹೊಗಳಿದಳು. ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು.

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಯಾವ ಜಾಗಕ್ಕೆ ಯಾವ ನೀರು, ಯಾವ ಬೆಳೆ ಎಂದು ಬರೆದುಕೊಳ್ಳಲು ಅಧಿಕಾರಿಯೊಬ್ಬರು ಬಂದರು. ಆ ವರ್ಷದ ಕಟ್ಟ ಇನ್ನೂ ಹಾಕಿರಲಿಲ್ಲ. ನೀವು ಕಡಬದ ತಂಗಿಯ ಮನೆಗೆ ಹೋಗಿದ್ದಿರಿ — ಗಡಿ ತೋರಿಸು ಎಂದು ನನ್ನನ್ನೇ ನಂಬಿ. ನಿಮ್ಮ ಗದ್ದೆಯಲ್ಲಿ ನಿಂತು, ಇದಕ್ಕೆ ನೀರು ಎಲ್ಲಿಂದ ಎಂದು ಅವರು ಕೇಳಿದರು.

"ಇದಕ್ಕೆ ಮಳೆ ನೀರು ಮಾತ್ರ ಸ್ವಾಮಿ. ಕಟ್ಟದ ನೀರು ಬರುದಿಲ್ಲ."

ಅವರು ಬರೆದುಕೊಂಡರು. ಬಾಯಿ ತಪ್ಪಿ ಬಂದ ಮಾತಲ್ಲ ಅದು — ಎಷ್ಟೋ ದಿನದಿಂದ ನನ್ನೊಳಗೆ...

ಕೆಲವು ವರ್ಷ ಏನೂ ಆಗಲಿಲ್ಲ. ಒಂದು ಬೇಸಿಗೆ ತೋಡು ಬತ್ತಿತು, ಸರದಿಗೆ ಜಗಳ ಹತ್ತಿತು, ಎಲ್ಲರೂ ಪುತ್ತೂರಿನ ಕಚೇರಿಗೆ ಹೋದೆವು. ಅಲ್ಲಿಯವರು ಆ ಅಧಿಕಾರಿ ಬರೆದಿಟ್ಟ ಪುಸ್ತಕ ನೋಡಿ, ನಿಮಗೆ ಕಟ್ಟದ ನೀರಿನ ಹಕ್ಕಿಲ್ಲ ಎಂದರು. ನೀವು ನನ್ನ ಕಡೆ ತಿರುಗಿದಿರಿ.

"ಎಂತ ಮಾರಾಯ ಇದು? ನಾನು ಮಣ್ಣು ಹೊತ್ತದ್ದು ನೀನು ನೋಡಿದ್ದಿ ಅಲ್ವಾ? ಹೇಳು."

"ಪುಸ್ತಕದಲ್ಲಿ ಇಲ್ಲದ್ದಕ್ಕೆ ನಾನು ಎಂತ ಹೇಳುದು ಅಣ್ಣ?"

ನಿಮ್ಮ ಸರದಿ ನನಗೆ ಬಂತು. ನಿಮ್ಮ ಗದ್ದೆ ಬೇಸಿಗೆಗೆ ಬಿರುಕು ಬಿಟ್ಟಿತು. ನೀರೇನೋ ಸಿಕ್ಕಿತು, ನಿಮ್ಮ ಹಾಗೆ ಬೆಳೆಯಲು ಮಾತ್ರ ನನಗೆ ಬರಲಿಲ್ಲ. ಆದರೂ ನೀವು ಪ್ರತಿ ವರ್ಷ ಕಟ್ಟಕ್ಕೆ ಮಣ್ಣು ಹೊರಲು ಬರುತ್ತೀರಿ, ಊರಿನ ಕೆಲಸವೆಂದು. ಬುಟ್ಟಿ ನನ್ನ ಕೈಗೇ ಕೊಡುತ್ತೀರಿ. ಆ ನಿಮ್ಮ ಗುಣದ ಮೇಲೂ ನನಗೆ ಹೊಟ್ಟೆಕಿಚ್ಚು — ಹೇಳಲು ನಾಚಿಕೆಯಾಗುತ್ತದೆ.

ನಾಳೆ ಪುತ್ತೂರಿಗೆ ಹೋಗಿ, ಸುಳ್ಳು ಹೇಳಿದವನು ನಾನೆಂದು ಬರೆದು ಕೊಡುತ್ತೇನೆ. ನೀರು ಮರಳಿ ಬಂದರೆ ನಿಮ್ಮ ಗದ್ದೆ ಮತ್ತೆ ಹಸಿರಾಗುತ್ತದೆ. ಅದನ್ನು ನೋಡಿ ನನ್ನ ಹೊಟ್ಟೆಯೂ ಮತ್ತೆ ಉರಿಯುತ್ತದೆ, ನನಗೆ ಗೊತ್ತು. ಉರಿಯಲಿ.