ಗ್ರಾಫಿನಲ್ಲಿ ಉತ್ತರಿ ಮಳೆ

ಸಿಂದಗಿಯ ಹೈಸ್ಕೂಲಿನಲ್ಲಿ ನಾನು ಹಂಗಾಮಿ ಶಿಕ್ಷಕಿ. ಅರವತ್ತರ ದಶಕದ ಮಾತು. ಒಂಬತ್ತನೆಯ ಇಯತ್ತೆಗೆ ಇಂಗ್ಲಿಷ್ ಕಲಿಸುವ ಹೆಂಗಸು ಅಲ್ಲಿ ನಾನೊಬ್ಬಳೇ ಆಗಿದ್ದೆ. ಇದು ಹೆಡ್‌ಮಾಸ್ತರರ ಗಂಟಲಲ್ಲಿ ಇಳಿದಿರಲಿಲ್ಲ. "ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರ. ಗ್ರಾಫ್ ನೋಡಿ ಹುಡುಗ್ಯಾರು ಇಂಗ್ಲಿಷಿನ್ಯಾಗ ಹೇಳಬೇಕು. ತಪ್ಪಿದ್ರ ನೀವು ಕೆಳಗಿನ ವರ್ಗಕ್ಕ ಹೋಗ್ರಿ" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಗ್ರಾಫಿನ ಏರಿಳಿತ ಹೇಳುವ ಇಂಗ್ಲಿಷ್ ನನಗಾದರೂ ಯಾರು ಕಲಿಸಿದ್ದರು? ಎರಡು ದಿನ ತಡವಾಗಿ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯ ಹತ್ತಿ ಪೇಟೆ ವರದಿ ಓದಿ ನಾನೇ ಕಲಿತಿದ್ದೆ. ಸಾವಕಾಶ ಏರಿದರೆ 'ರೋಜ್ ಗ್ರ್ಯಾಜುಯಲಿ', ಧೊಪ್ಪನೆ ಬಿದ್ದರೆ 'ಡ್ರಾಪ್ಡ್ ಶಾರ್ಪ್ಲಿ', ಅಲುಗಾಡದಿದ್ದರೆ 'ರಿಮೇನ್ಡ್ ಸ್ಟೆಡಿ', ತುತ್ತತುದಿ ಮುಟ್ಟಿದರೆ 'ರೀಚ್ಡ್ ಎ ಪೀಕ್'. ಕೈಯನ್ನು ಗಾಳಿಯಲ್ಲಿ ಏರಿಸಿ ಇಳಿಸಿ ಹುಡುಗಿಯರಿಂದ ಹೇಳಿಸಿದೆ. ತಾಲೂಕು ಕಚೇರಿಯ ಮಳೆಮಾಪಕದ ದಿನದಿನದ ಅಂಕಿ ತಂದುಕೊಟ್ಟು, ದೊಡ್ಡ ಹಾಳೆಯ ಮೇಲೆ ಗ್ರಾಫ್ ಬರೆಯಿರಿ ಎಂದೆ.

ಸಾಹೇಬರು ಬಂದು ಹಾಳೆಯ ಮುಂದೆ ನಿಂತರು. ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು, "ಇಲ್ಲಿ ತಿಂಗಳು ಎಲ್ಲಿ ಅದಾವ್ರಿ?" ಎಂದರು. ಆಗ ನಾನೂ ನೋಡಿದೆ. ಜೂನ್, ಜುಲೈ ಎಂದು ಇರಬೇಕಾದ ಕಡೆ ಮಿರಗ, ಆರಿದ್ರಾ, ಹುಬ್ಬಿ, ಉತ್ತರಿ ಎಂದು ಹದಿಮೂರು-ಹದಿನಾಲ್ಕು ದಿನಕ್ಕೊಂದರಂತೆ ಬದಲಾಗುವ ಮಳೆ ನಕ್ಷತ್ರಗಳ ಹೆಸರು! ಹುಡುಗಿಯರು ಹಾಗೆ ಬರೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಒಕ್ಕಲುತನದ ಮನೆಯವಳಾದ ನನಗೂ ಅದು ತಪ್ಪೆಂದು ತೋಚಿರಲಿಲ್ಲ. ಹೆಡ್‌ಮಾಸ್ತರರು ಮೀಸೆಯಲ್ಲೇ ನಕ್ಕರು. ವರ್ಗ ಕೈತಪ್ಪಿತೆಂದೇ ಅಂದುಕೊಂಡೆ.

ಮುಂದಿನ ಬೆಂಚಿನಿಂದ ಯಂಕಂಚಿಯ ಹುಡುಗಿ ಎದ್ದಳು. ಹೊಲ ಉಳುವ ಮುಸ್ಲಿಂ ಮನೆತನದ ಮಗಳು, ಮಾತು ಬಲು ಕಡಿಮೆ. "ಸೆಪ್ಟೆಂಬರ್ ಅಂತ ಒಂದ ಹೆಸರು ಬರದ್ರ ಹುಬ್ಬಿ ಒಣಗಿದ್ದು, ಉತ್ತರಿ ಸುರದದ್ದು ಎರಡೂ ಮುಚ್ಚಿ ಹೋಗ್ತಾವ್ರಿ ಸರ್. ನಮ್ಮಪ್ಪ ಜೋಳ ಬಿತ್ತೂದು ಉತ್ತರಿ ನೋಡೇ ರೀ" ಎಂದಳು.

"ಅದನ್ನ ಇಂಗ್ಲಿಷಿನ್ಯಾಗ ಹೇಳು ನೋಡೋಣು" ಎಂದರು ಸಾಹೇಬರು.

ಅವಳು ಕೈ ಇಳಿಸಿದಳು, ಮತ್ತೆ ಏರಿಸಿದಳು. "ದಿ ರೇನ್‌ಫಾಲ್ ಡ್ರಾಪ್ಡ್ ಶಾರ್ಪ್ಲಿ ಇನ್ ಹುಬ್ಬಿ, ಆ್ಯಂಡ್ ರೀಚ್ಡ್ ಎ ಪೀಕ್ ಇನ್ ಉತ್ತರಿ." ಎಲ್ಲೂ ತಡವರಿಸಲಿಲ್ಲ. ನನ್ನ ಕಣ್ಣು ತುಂಬಿ ಬಂದವು. ಅಷ್ಟು ಹೆಮ್ಮೆ ನನಗೆ ಜೀವನದಲ್ಲಿ ಮತ್ತೆ ಬಹಳ ಸಲ ಆಗಿಲ್ಲ.

ಸಾಹೇಬರು ಹಾಳೆಯನ್ನು ಇನ್ನೊಮ್ಮೆ ನೋಡಿದರು. "ಪರೀಕ್ಷಾಕ್ಕ ತಿಂಗಳು ಬೇಕು, ಕೆಳಗ ಬರಸ್ರಿ. ಆದರ ನಕ್ಷತ್ರ ಅಳಸಬ್ಯಾಡ್ರಿ" ಎಂದು ನನಗೆ ಹೇಳಿ, ಹುಡುಗಿಯ ಕಡೆ ತಿರುಗಿ, "ಯಾರು ಕಲಿಸಿದ್ರು?" ಎಂದರು.

ಹೆಡ್‌ಮಾಸ್ತರರು ಬಾಯಿ ತೆರೆಯುವ ಮೊದಲೇ ಇಡೀ ವರ್ಗ ಒಂದೇ ದನಿಯಲ್ಲಿ, "ನಮ್ಮ ಅಕ್ಕೋರ್ರೀ!" ಎಂದಿತು.

ಸಂಜೆ ಹೆಡ್‌ಮಾಸ್ತರರು ಹಾಜರಿ ಪುಸ್ತಕದಿಂದ ತಲೆ ಎತ್ತದೆ, "ಮುಂದಿನ ವರ್ಷಾನೂ ಇಂಗ್ಲಿಷ್ ನೀವ ತಗೋರಿ" ಎಂದರು.

"ತಗೋತೇನ್ರಿ" ಎಂದೆ. ಉಪಕಾರವಾಯಿತು ಎನ್ನಲಿಲ್ಲ.