ಹಲ್ಲು ಎಣಿಸುತ್ತಿದ್ದ ಕಾಕಾ

ಪಕ್ಕದ ಮನೆಯ ಕಾಕಾ ಹಿಡಕಲ್ ಡ್ಯಾಮಿನ ಗೇಟು ನೋಡಿಕೊಳ್ಳುತ್ತಿದ್ದರು. ಮನೆಯಲ್ಲೊಂದು ಗಿಡ್ಡ ಟೆರಿಯರ್ ಹೆಣ್ಣುನಾಯಿ ಸಾಕಿದ್ದರು. ಇಂಗ್ಲೆಂಡಿನಲ್ಲಿ ನರಿಯನ್ನು ಬಿಲದಿಂದ ಹೊರಗೆಬ್ಬಿಸುತ್ತಿದ್ದ ತಳಿ, ಇಲ್ಲಿ ಕಬ್ಬಿನ ಹೊಲದ ಇಲಿ ಹಿಡಿದು, ಬಿಡುವಾದಾಗ ನಮ್ಮ ತುಳಸಿಕಟ್ಟೆ ಕೆದರುತ್ತಿತ್ತು. ಅದಕ್ಕೆ ಜೋಡಿ ಮಾಡಲು ಗಂಡುನಾಯಿ ತಂದವರನ್ನು ಕಾಕಾ ಬೀಗರಂತೆ ಕೂಡಿಸಿ ಚಹಾ ಕೊಡುತ್ತಿದ್ದರು. ನಾಯಿಯ ವಂಶವನ್ನು ಮುತ್ತಜ್ಜನವರೆಗೂ ವಿಚಾರಿಸಿ, ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದರು. “ಖಾನದಾನ ನೋಡಬೇಕ್ರಿ” ಎಂಬುದು ಪ್ರತಿ ಸಲದ ಮಾತು.

ಅವರ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾದ ವಾರ ಓಣಿಯ ಹಿರಿಯರು ಬಂದು ಕುಳಿತರು. ಚಹಾ ಮುಟ್ಟಲಿಲ್ಲ.

“ನಾಯಿಗಿ ಖಾನದಾನ ನೋಡಾಂವ ನೀ, ಮಗಳಿಗ್ಯಾಕ ನೋಡಲಿಲ್ಲ?” ಎಂದರು.

ಕಾಕಾ ನಾಯಿಯ ಕಿವಿ ಒರೆಸುತ್ತಲೇ ಹೇಳಿದರು: “ಅದನ್ನ ನಾಯಿಗಿ ನೋಡ್ತಾರ್ರಿ. ನಿಮ್ದೂ ನೋಡಬೇಕಂದ್ರ ಬಾಯಿ ತಗೀರಿ, ಹಲ್ಲ ಎಣಸ್ತೇನಿ.”