ಕ್ಯಾಮೆರಾಕ್ಕೆ ಹನ್ನೆರಡು ತಪ್ಪು

ಬನಹಟ್ಟಿಯ ಸುಭಾಷ್ ಸಾವಕಾರರ ಸೀರೆ ಅಂಗಡಿಯ ಒಳಕೋಣೆಯಲ್ಲಿ, ಕಿಟಕಿಗೆ ಎದುರಾಗಿ ಒಂದು ಸಾಗವಾನಿ ಹಲಗೆ ಇದೆ. ಮೂವತ್ತೊಂದು ವರ್ಷದಿಂದ ನೀಲಕಂಠಪ್ಪ ಅದರ ಮೇಲೆ ಕೂತು ಸೀರೆಗಳಿಗೆ ತೀರ್ಪು ಕೊಡುತ್ತ ಬಂದಿದ್ದ. ಹೈಕೋರ್ಟಿನವರಿಗಾದರೂ ಬೇಸಿಗೆ ರಜೆ ಉಂಟು, ಮೇಲ್ಮನವಿಯ ಕಾಟ ಉಂಟು. ಈ ಪೀಠಕ್ಕೆ ಎರಡೂ ಇರಲಿಲ್ಲ. ನೇಕಾರರು ಮಗ್ಗದಿಂದ ಇಳಿಸಿ ತಂದ ಸೀರೆಯನ್ನು ಮೊಳಕಾಲ ಮೇಲೆ ಹರಡಿ, ಸೆರಗಿನಿಂದ ಕೊನೆಯವರೆಗೆ ಎಳೆದೆಳೆದು ನೋಡಿ, ಸರಿಯಿದ್ದರೆ ಅದಕ್ಕೆ ಕಟ್ಟಿದ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ‘ನೀ’ ಎಂದು ಬರೆದು ಪಕ್ಕಕ್ಕೆ ದೂಡುತ್ತಿದ್ದ. ಪಕ್ಕದಲ್ಲಿ ಶ್ರೀದೇವಿ ಅದನ್ನು ಘಡಿ ಮಾಡಿ, ಅಂದರೆ ಅಚ್ಚುಕಟ್ಟಾಗಿ ಮಡಚಿ, ಕಪಾಟಿಗೆ ಸೇರಿಸುತ್ತಿದ್ದಳು. ಸೀರೆ ಸರಿಯಿಲ್ಲದಿದ್ದರೆ ನೀಲಕಂಠಪ್ಪ ಏನೂ ಬರೆಯುತ್ತಿರಲಿಲ್ಲ. ಸುಮ್ಮನೆ ನೇಕಾರನ ಮುಖ ನೋಡುತ್ತಿದ್ದ. ಆ ನೋಟಕ್ಕೆ ಮೀಸೆ ಹೊತ್ತ ಗಂಡಸರು ರಬಕವಿಯ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದದ್ದುಂಟು.

ಆದರೆ ಮೂವತ್ತೊಂದು ವರ್ಷ ತಪ್ಪು ಹುಡುಕಿದವನ ಬೆನ್ನು ಹೇಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಅವನ ಬೆನ್ನು ಹಲಗೆಯಷ್ಟೇ ಗಟ್ಟಿಯಾಗಿತ್ತು, ಮೊಳಕಾಲು ಮಗ್ಗದಷ್ಟೇ ಸದ್ದು ಮಾಡುತ್ತಿತ್ತು. ಸಂಜೆ ಮನೆಗೆ ನಡೆಯುವಾಗ ಎದುರು ಬರುವ ಬೈಕುಗಳ ದೀಪಕ್ಕೆ ಸುತ್ತಲೂ ಮುಳ್ಳು ಹುಟ್ಟಿದಂತೆ ಕಾಣುತ್ತಿತ್ತು. ದಣಿವು, ಮತ್ತೇನಿಲ್ಲ ಎಂದುಕೊಳ್ಳುತ್ತಿದ್ದ. ದಣಿದು ಬಂದರೂ ಚಟ ಬಿಡುತ್ತಿರಲಿಲ್ಲ. ತಾಟಿನ ಮೇಲಿನ ರೊಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ.

“ನೋಡ್ರಿ, ನೋಡ್ರಿ, ಎಳಿ ಹರದಿದ್ರ ವಾಪಸ್ ಕೊಡ್ರಿ. ದನಕ್ಕರ ಹಾಕತೇನಿ,” ಎನ್ನುತ್ತಿದ್ದಳು ಹೆಂಡತಿ ಬೋರವ್ವ.

ಇಂಥ ಪೀಠದ ಮುಂದೆ ಒಂದು ಸೋಮವಾರ ಹೊಸ ಆರೋಪಿ ಬಂದು ನಿಂತಿತು. ಮೈಸಾಬೂನಿನ ಡಬ್ಬಿಯಷ್ಟು ಗಾತ್ರ, ಬೂದು ಬಣ್ಣ, ನೆತ್ತಿಯ ಮೇಲೆ ಒಂದೇ ಗುಂಡಿ. ಸುಭಾಷ್ ಅದನ್ನು ಜಮಖಂಡಿಯ ಅಂಗಡಿಯೊಂದರಿಂದ ಐದು ದಿನದ ಮಾತಿನ ಮೇಲೆ ತಂದಿದ್ದ. ಸೇರಿದರೆ ಇಟ್ಟುಕೊಳ್ಳುವುದು, ಸೇರದಿದ್ದರೆ ಶನಿವಾರ ಮರಳಿಸುವುದು.

“ಕಾಕಾ, ಇದು ಸಾದಾ ಕ್ಯಾಮೆರಾ. ಹಿಡಿಯೋದು, ಒತ್ತೋದು, ಅಷ್ಟ. ಏನೂ ಕಲೀಬೇಕಾಗಿಲ್ಲ,” ಎಂದ ಸುಭಾಷ್.

“ಕೈಯಾಗ ಫೋನ್ ಐತೆಲ್ರಿ ಸಾವಕಾರ್ರ?”

“ಫೋನಿನ ಹಣೇಬಾರ ಇಕಿ ಬಾಯಿಲೆ ಕೇಳ್ರಿ,” ಎಂದು ಸುಭಾಷ್ ಫೋನಿನ ಧ್ವನಿ ಏರಿಸಿ ಹಲಗೆಯ ಮೇಲಿಟ್ಟ. ಆ ಕಡೆ ಪುಣೆಯ ಪ್ರಾಜಕ್ತಾ ಇದ್ದಳು. ಹುಟ್ಟಿದ್ದು ಜಮಖಂಡಿ, ಈಗ ಪುಣೆಯಲ್ಲಿ ಮನೆಯಿಂದಲೇ ಸೀರೆ ಮಾರುತ್ತಾಳೆ.

“ನಿಮ್ಮ ಫೋನು ಸೀರಿಗೆ ಪೌಡರ್ ಹಚ್ಚಿ ಕಳಸ್ತೈತ್ರಿ ಕಾಕಾ! ಫೋಟೋದಾಗ ಮದಲಗಿತ್ತಿ, ಬಿಚ್ಚಿದ್ರ ಮದಲಗಿತ್ತಿ ಅಜ್ಜಿ! ಹೆಣ್ಮಕ್ಕಳು ನನ್ನ ಮಾರಿಗೆ ಒಗೀತಾರ. ಇದ್ದ ಬಣ್ಣ ಇದ್ದಂಗ ತೋರಿಸ್ರಿ. ಇನ್ನೊಂದು, ಹೋದ ಸಲ ಎರಡು ಸೀರಿ ತಪ್ಪು ಬಂದಾವ. ಚೀಟಿ ಮ್ಯಾಲೆ ‘ನೀ’ ಐತಿ.”

‘ನೀ’ ಬಿದ್ದ ಸೀರೆ ಮರಳಿ ಬರುವುದೆಂದರೆ ಗಲ್ಲಿಗೇರಿದವನು ಸಂಜೆ ಚಹಾಕ್ಕೆ ಮನೆಗೆ ಬಂದಂತೆ. ಶ್ರೀದೇವಿ ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚತೊಡಗಿದಳು.

ಸುಭಾಷ್ ಮೆತ್ತಗೆ ಹೇಳಿದ: “ಇರ್ಲಿ ಬಿಡ್ರಿ, ಬರೇ ಎರಡ ಅಲ್ಲಾ. ಇನ್ನ ಮ್ಯಾಲೆ ಒಂದೊಂದು ಸೀರಿ ಪೂರಾ ಬಿಚ್ಚಿ ಫೋಟೋ ತಗದು ಕಳಸೂಣು. ತಪ್ಪಿದ್ರ ಅಲ್ಲೇ ಗೊತ್ತಾಗ್ತೈತಿ. ಕ್ಯಾಮೆರಾ ಛಲೋ ಐತೋ ಇಲ್ಲೋ ನೀವ ನೋಡಿ ಹೇಳ್ರಿ. ನಿಮ್ಮ ಕಣ್ಣಿಗಿಂತ ಛಲೋ ಕಣ್ಣು ನಮ್ಮಲ್ಲಿ ಯಾರಿಗೈತಿ?”

ಮಾತು ಹೂವಿನಂಥದ್ದು. ಆದರೆ ನೀಲಕಂಠಪ್ಪನಿಗೆ ಕೇಳಿಸಿದ್ದು ಬೇರೆ. ಡಬ್ಬಿಯೇ ತಪ್ಪು ಹಿಡಿಯುವುದಾದರೆ ಹಲಗೆಯ ಮೇಲೆ ಮನುಷ್ಯ ಯಾಕೆ? ಡಬ್ಬಿ ಪಾಸಾದರೆ ತಾನು ಮನೆಗೆ. ಮೂವತ್ತೊಂದು ವರ್ಷ ಯಾವ ಸೀರೆಯನ್ನೂ ಮೊದಲೇ ಮನಸ್ಸು ಮಾಡಿಕೊಂಡು ನೋಡದಿದ್ದ ನ್ಯಾಯಾಧೀಶ ಆ ದಿನ ವಿಚಾರಣೆಗೆ ಮುನ್ನವೇ ತೀರ್ಪು ಬರೆದಿಟ್ಟುಕೊಂಡ. ನೂರು ಪುಟದ ಹೊಸ ನೋಟುಬುಕ್ ತರಿಸಿದ. ಮೊದಲ ಪುಟದ ತಲೆಯಲ್ಲಿ ‘ತಪ್ಪು’ ಎಂದು ಬರೆದು ಕೆಳಗೆ ಗೆರೆ ಎಳೆದ.

ಮಂಗಳವಾರದ ಹೊತ್ತಿಗೆ ಐದು ತಪ್ಪು ಸಿಕ್ಕವು. ಕೈ ಕೊಂಚ ನಡುಗಿದರೂ ಚಿತ್ರ ಕಲಸಿದ ಹಿಟ್ಟಾಗುತ್ತದೆ. ಬಿಸಿಲಿಗೆ ಹಿಡಿದರೆ ಬೆನ್ನಿನ ಪರದೆಯಲ್ಲಿ ಏನೂ ಕಾಣದು. ಬ್ಯಾಟರಿ ಮಧ್ಯಾಹ್ನದ ಊಟಕ್ಕೇ ಮಲಗುತ್ತದೆ. ತೀರ ಹತ್ತಿರ ಹೋದರೆ ಎಳೆ ಕಾಣದೆ ಮಂಜಾಗುತ್ತದೆ. ಕೋಣೆಯಲ್ಲಿ ಕೊಂಚ ಕತ್ತಲಾದರೆ ಹೇಳದೆ ಕೇಳದೆ ಫ್ಲ್ಯಾಶಿನ ಮಿಂಚು ಹಾರಿಸುತ್ತದೆ. ಬಣ್ಣದ ಪರೀಕ್ಷೆಯಲ್ಲಿ ಮಾತ್ರ ಹುಳುಕು ಸಿಗಲಿಲ್ಲ. ಮೆಣಸಿನಕಾಯಿ ಕೆಂಪು ಫೋನಿನಲ್ಲಿ ಬೆಂಕಿಯಂತೆ ಉರಿಯುತ್ತಿತ್ತು, ಇದರಲ್ಲಿ ಮೆಣಸಿನಕಾಯಿಯಂತೆಯೇ ಸುಮ್ಮನಿತ್ತು. ನೋಟುಬುಕ್ಕಿನಲ್ಲಿ ‘ಸರಿ’ ಎಂಬುದಕ್ಕೆ ಪುಟವೇ ಇರಲಿಲ್ಲವಾದ್ದರಿಂದ ಅದನ್ನು ಬರೆಯಲಿಲ್ಲ.

ಬುಧವಾರ ಆರೋಪಿಯನ್ನು ಮನೆಗೆ ಕರೆದೊಯ್ದ. ದೀಪ ಹಚ್ಚುವ ಹೊತ್ತಿಗೆ ಬೋರವ್ವನ ಚಿತ್ರ ತೆಗೆದ. ಮಿಂಚು ಹಾರಿತು. ಪರದೆಯ ಮೇಲೆ ಬೋರವ್ವನ ಎರಡೂ ಕಣ್ಣು ಕೆಂಡದಂತೆ ಕೆಂಪಗೆ ಹೊಳೆಯುತ್ತಿದ್ದವು.

“ಅಯ್ಯ ಶಿವನ! ನನ್ನ ದೆವ್ವ ಮಾಡೀರಲ್ರಿ!”

“ನಾ ಏನ್ ಮಾಡೇನಿ? ಅದು ಕಂಡಂಗ ತಗದೈತಿ.”

“ಹಂಗಾರ ನಿಮ್ಮನ್ನೂ ತಗೀತೇನಿ, ಕೂಡ್ರಿ. ಒಬ್ಬಾಕಿನ ಯಾಕ ದೆವ್ವ ಆಗಲಿ?”

ಬೋರವ್ವ ಜೀವಮಾನದಲ್ಲಿ ಕ್ಯಾಮೆರಾ ಹಿಡಿದವಳಲ್ಲ. ಹಿಡಿದಳು, ಒತ್ತಿದಳು, ಆಯಿತು. ನೋಡಿದರೆ ಗಂಡನ ಎಡಗಣ್ಣು ಮಂದವಾಗಿ ಕೆಂಪು, ಬಲಗಣ್ಣು ಒಲೆಯ ಬೂದಿಯಂತೆ ಬೆಳ್ಳಗೆ.

“ನೋಡ್ರಿ, ನಿಮ್ಮನ್ನ ಅರ್ಧಾ ದೆವ್ವ ಮಾಡೈತಿ. ಅದಕ್ಕೂ ನಿಮ್ಮ ಅಂಜಿಕಿ,” ಎಂದು ನಕ್ಕಳು.

ನೀಲಕಂಠಪ್ಪ ನಗಲಿಲ್ಲ. ಹುರುಪಿನಿಂದ ಬರೆದ: ಮನುಷ್ಯರ ಕಣ್ಣು ಕೆಂಪು ಮಾಡುತ್ತದೆ, ಅದನ್ನೂ ಎಲ್ಲರಿಗೆ ಒಂದೇ ಥರ ಮಾಡುವುದಿಲ್ಲ. ಅಲ್ಲಿಗೆ ತಪ್ಪು ಏಳಾದವು. ಗುರುವಾರ ಕ್ಯಾಮೆರಾದ ಚೀಲದ ಗುಂಡಿ ಸಡಿಲ, ಗಡಿಯಾರ ತಪ್ಪು, ಹಿಡಿದರೆ ಬೆವರಿಗೆ ಜಾರುತ್ತದೆ, ಒತ್ತಿದ ಮೇಲೆ ಯೋಚಿಸಿ ತೆಗೆಯುತ್ತದೆ ಎಂದು ಸಿಕ್ಕಿದ್ದೆಲ್ಲ ಸೇರಿ ಹನ್ನೊಂದು. ಗಲ್ಲಿಗೆ ಸಾಕು. ಆದರೂ ಡಜನ್ ತುಂಬಲಿ ಎಂಬ ಆಸೆ.

ಶುಕ್ರವಾರ ಮಧ್ಯಾಹ್ನ ನೇಕಾರ ದುರಗೇಶ ನಾಲ್ಕು ಕಡುನೀಲಿ ಸೀರೆ ತಂದಿಟ್ಟು ಹೋದ. ನೀಲಕಂಠಪ್ಪ ಒಂದನ್ನು ಮೊಳಕಾಲ ಮೇಲೆ ಎಳೆದು ನೋಡಿದ. ಸೆರಗು ಸರಿ, ದಡಿ ಸರಿ, ಒಡಲು ಸರಿ. ‘ನೀ’ ಬರೆದ. ಆಮೇಲೆ ಅದೇ ಸೀರೆಯನ್ನು ನೆಲಕ್ಕೆ ಹಾಸಿ ಚಿತ್ರ ತೆಗೆದ. ಮಿಂಚು ಹಾರಿತು. ಪರದೆ ನೋಡಿದವನ ಮುಖ ಅರಳಿತು.

“ಶ್ರೀದೇವಿ, ಬಾ ಇಲ್ಲಿ, ಲಗೂನ! ಸಿಕ್ಕಿಬಿದ್ದ ಕಳ್ಳ!”

ಮಿಂಚಿನ ಬೆಳಕಿಗೆ ನೀಲಿ ತಿಳಿಯಾಗಿ ಕಾಣುತ್ತಿತ್ತು. ಅದರ ನಡುವೆ, ಸೆರಗಿನಿಂದ ಮೊಳದಾಚೆ, ನಾಲ್ಕು ಬೆರಳಗಲದ ಕಪ್ಪು ಪಟ್ಟಿ ಅಡ್ಡಕ್ಕೆ ಮಲಗಿತ್ತು.

“ಸೀರ್ಯಾಗ ಇಲ್ಲದ ಪಟ್ಟಿ ಇದರಾಗ ಐತಿ. ಸುಳ್ಳು ಹೇಳತೈತಿ ಡಬ್ಬಿ! ಹನ್ನೆರಡನೇ ತಪ್ಪು. ನೀನ ಸಾಕ್ಷಿ. ಹೌದಲ್ಲ?”

“ಹೂಂ ರಿ ಕಾಕಾ,” ಎಂದಳು ಶ್ರೀದೇವಿ. ಹಾಗೆನ್ನುವಾಗ ಅವಳು ನೋಡುತ್ತಿದ್ದುದು ಪರದೆಯನ್ನಲ್ಲ, ನೆಲದ ಮೇಲಿದ್ದ ಸೀರೆಯನ್ನು.

ಅದನ್ನು ಅವನು ಗಮನಿಸಿದ. ಕಣ್ಣು ಏನೇ ಆಗಿರಲಿ, ಆರೋಪಿಯ ಮುಖ ಓದುವ ಅಭ್ಯಾಸ ಹೋಗಿರಲಿಲ್ಲ.

ಮಗ್ಗದ ತಪ್ಪೋ ನೂಲಿನ ತಪ್ಪೋ ಎಂದು ಅನುಮಾನ ಬಂದರೆ ಅವನ ಬಳಿ ಒಂದು ಹಳೆಯ ಪರೀಕ್ಷೆ ಇತ್ತು. ಮಗ್ಗದ ತಪ್ಪು ಪ್ರತಿ ಸೀರೆಯಲ್ಲೂ ಅದೇ ಜಾಗದಲ್ಲಿ ಕೂತಿರುತ್ತದೆ. ನೂಲಿನ ತಪ್ಪು ಆ ಒಂದೇ ಸೀರೆಯ ಜೊತೆ ಹೋಗುತ್ತದೆ. ಕ್ಯಾಮೆರಾವೂ ಒಂದು ಮಗ್ಗವೇ ಎಂದುಕೊಂಡ. ದುರಗೇಶನ ಇನ್ನೊಂದು ಸೀರೆ ಹಾಸಿ ತೆಗೆದ. ಪಟ್ಟಿ ಇಲ್ಲ. ಮೊದಲಿನದನ್ನೇ ತಿರುಗಿಸಿ, ಸೆರಗು ಬಾಗಿಲ ಕಡೆ ಬರುವಂತೆ ಹಾಸಿ ತೆಗೆದ. ಪಟ್ಟಿಯೂ ತಿರುಗಿ ಬಾಗಿಲ ಕಡೆ ಹೋಗಿತ್ತು.

ಅವನು ನಿಧಾನವಾಗಿ ಹಲಗೆಯ ಮೇಲೆ ಕೂತ.

“ಕರೀ ಕಂಡಿಕಿ ಬಿದ್ದೈತಿ, ಹೌದೇನು?” ಎಂದು ಕೇಳಿದ. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸುತ್ತು. ನೀಲಿಯ ಸಾಲಿನಲ್ಲಿ ಕಪ್ಪಿನ ಕಂಡಿಕೆ ಒಂದು ಸೇರಿದರೆ ನಾಲ್ಕು ಬೆರಳು ಬಟ್ಟೆ ಕಪ್ಪಾಗುತ್ತದೆ. ನೂಲು ಸುತ್ತುವ ಮಕ್ಕಳಿಗೂ ಗೊತ್ತಿರುವ ತಪ್ಪು.

ಶ್ರೀದೇವಿ ಸೆರಗಿನ ಕುಚ್ಚು ಬಿಡಿಸುತ್ತ ನಿಂತಳು. “ಹೌದ್ರಿ ಕಾಕಾ.”

“ನಿನಗ ಬರಿಗಣ್ಣಿಗೆ ಕಾಣತೈತಿ?”

“ಕಾಣತೈತ್ರಿ.”

“ಇದ ಮೊದಲನೇದೇನು?”

ಅವಳು ಹೋಗಿ ಕಬ್ಬಿಣದ ಕಪಾಟಿನ ಹಿಂದಿನಿಂದ ಒಂದು ಗಂಟು ಎಳೆದು ತಂದಳು. ಹಳೆಯ ಧೋತರದಲ್ಲಿ ಕಟ್ಟಿದ ಗಂಟು. ಬಿಚ್ಚಿದರೆ ನೀಲಿ, ಕಪ್ಪು, ನೇರಳೆ ಸೀರೆಗಳು. ಪ್ರತಿ ಚೀಟಿಯ ಮೇಲೂ ‘ನೀ’.

“ದೀಪಾವಳಿಯಿಂದ್ರಿ,” ಎಂದಳು ತಗ್ಗಿದ ದನಿಯಲ್ಲಿ. “ಗಾಢ ಬಣ್ಣದ್ದು ಅಷ್ಟ. ಉಳಿದದ್ದು ನಿಮ್ಮಂಗ ಯಾರೂ ನೋಡಂಗಿಲ್ಲ. ಘಡಿ ಮಾಡುವಾಗ ನಾ ಒಂದ ಸಲ ನೋಡಿ ಬಾಜೂಕ ಇಡತಿದ್ದೆ. ಮಗಳಿಗೆ ಜ್ವರ ಬಂದಾಗ ಎರಡು ದಿನ ರಜಾ ಹಾಕಿದ್ನೆಲ್ರಿ, ಆವಾಗ ಆ ಎರಡು ಪುಣೆಕ್ಕ ಹೋಗಿಬಿಟ್ಟಾವ.”

“ಎಷ್ಟು ಅದಾವು?”

“ಎಣಿಸಿಲ್ರಿ.”

ಸುಳ್ಳು ಎಂದು ಅವನಿಗೆ ಗೊತ್ತಾಯಿತು. ಅಷ್ಟು ನೀಟಾಗಿ ಮಡಚುವವಳು ಎಣಿಸದೆ ಇರುತ್ತಾಳೆಯೇ?

ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು ಬುಧವಾರದ ಚಿತ್ರಗಳನ್ನು ಮತ್ತೆ ಪರದೆಗೆ ತರಿಸಿ ನೋಡಿದ. ಬೋರವ್ವನಿಗೆ ಎರಡು ಕೆಂಪು. ತನಗೆ ಒಂದು, ಅದೂ ಮಾಸಿದ್ದು.

“ಇದು ಎಲ್ಲಾರ ಕಣ್ಣೂ ಕೆಂಪು ಮಾಡತೈತೇನು?”

“ಸಾದಾ ಕ್ಯಾಮೆರಾ ಎಲ್ಲಾ ಹಂಗ್ರಿ. ಬೆಳಕು ಕಣ್ಣಿನ ಒಳಗ ಹೋಗಿ ಹೊಳ್ಳಿ ಬರ್ತೈತಂತ. ಕಣ್ಣಿಗೆ ಪೊರಿ ಬೆಳದಿದ್ರ ಒಳಗ ಹೋಗಂಗಿಲ್ಲ. ನಮ್ಮತ್ತಿಗೂ ಹಿಂಗ ಆಗಿತ್ತು. ಮುಧೋಳದ ಕಣ್ಣಿನ ದವಾಖಾನ್ಯಾಗ ತಗಿಸಿದ ಮ್ಯಾಲೆ ಈಗ ಸೂಜಿಗೆ ದಾರಾ ತಾನ ಪೋಣಿಸ್ತಾಳ.” ಕ್ಯಾಮೆರಾವನ್ನು ಹಲಗೆಯ ಮೇಲಿಟ್ಟು ಹೇಳಿದಳು, “ಕಾಕಾ, ನಾಳೆ ಶನಿವಾರ. ಹನ್ನೆರಡು ತಪ್ಪು ಬರದೀರಿ. ಕ್ಯಾಮೆರಾ ಬ್ಯಾಡ ಅಂತ ಕಳಿಸಿಬಿಡ್ರಿ. ನಾ ಇರ್ತೇನಿ. ಇನ್ನ ರಜಾ ಹಾಕಂಗಿಲ್ಲ.”

ನೀಲಕಂಠಪ್ಪ ಹಲಗೆಯ ಅಂಚನ್ನು ಅಂಗೈಯಿಂದ ಸವರಿದ. ಮೂವತ್ತೊಂದು ವರ್ಷದ ಸೀರೆಗಳು ಉಜ್ಜಿ ಉಜ್ಜಿ ಅದು ಗಾಜಿನಂತಾಗಿತ್ತು. ಶ್ರೀದೇವಿ ಹೇಳಿದಂತೆ ಆದರೆ ಯಾರಿಗೂ ತಿಳಿಯದು. ಗಂಟು ಕಪಾಟಿನ ಹಿಂದೆ ಹೋಗುತ್ತದೆ, ಡಬ್ಬಿ ಜಮಖಂಡಿಗೆ ಹೋಗುತ್ತದೆ, ತಾನು ಇಲ್ಲೇ ಇರಬಹುದು. ಶಾಲೆಗೆ ಹೋಗುವ ಮಗಳಿಗೆ ಜ್ವರ ಬಂದರೂ ಈ ಹೆಣ್ಣುಮಗಳು ಬಂದು ತನ್ನ ಬೆನ್ನ ಹಿಂದೆ ತನ್ನ ಕೆಲಸ ಮಾಡಬೇಕು. ಎಷ್ಟು ದಣಿವಿನ ಏರ್ಪಾಡು ಎನ್ನಿಸಿತು. ತನ್ನ ದಣಿವಿಗಿಂತ ಅವಳದೇ ದೊಡ್ಡದಾಗಿ ಕಂಡಿತು.

ಅಷ್ಟರಲ್ಲಿ ಸುಭಾಷ್ ಒಳಗೆ ಬಂದ. “ಏನ್ ಕಾಕಾ, ಹೆಂಗೈತಿ ಕ್ಯಾಮೆರಾ? ಇಟ್ಕೊಳ್ಳೋದೋ, ಬಿಡೋದೋ?”

ಶ್ರೀದೇವಿ ಗಂಟಿಗೆ ಅಡ್ಡಲಾಗಿ ನಿಂತಳು.

“ಬಾಜೂಕ ಸರಿ ಯವ್ವಾ,” ಎಂದ ನೀಲಕಂಠಪ್ಪ ಅವಳಿಗೆ. ನೋಟುಬುಕ್ ತೆಗೆದು ಆರು, ಏಳು ಮತ್ತು ಹನ್ನೆರಡನೇ ತಪ್ಪಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ. “ಒಂಬತ್ತು ತಪ್ಪು ಅದಾವ್ರಿ ಸಾವಕಾರ್ರ. ಕೈ ನಡಗಬಾರದು, ಎರಡು ಬ್ಯಾಟರಿ ಬೇಕು, ಚೀಲ ಹೊಲಿಸಬೇಕು. ಉಳಿದದ್ದು ಹೇಳತೇನಿ. ಆದ್ರ ಸುಳ್ಳು ಹೇಳಂಗಿಲ್ಲ. ಇಟ್ಕೋರಿ.” ಆಮೇಲೆ ಕಾಲಿನಿಂದ ಗಂಟನ್ನು ಮುಂದಕ್ಕೆ ದೂಡಿದ. “ಇವು ನಾ ಪಾಸ್ ಮಾಡಿದ ಸೀರಿ. ಪಾಸ್ ಅಲ್ಲ. ಇಕಿ ಹಿಡದಾಳ, ನನಗ ಕಾಣಲಿಲ್ಲ.”

ಸುಭಾಷ್ ಗಂಟು ನೋಡಿದ, ಚೀಟಿ ನೋಡಿದ, ಅವನ ಮುಖ ನೋಡಿದ. ಗಂಟನ್ನು ತಾನೇ ಮತ್ತೆ ಕಟ್ಟಿದ. ಕೊನೆಗೆ, “ಸೋಮವಾರ ಮುಧೋಳಕ್ಕ ಹೋಗೂಣು, ಕಣ್ಣು ತೋರಸಾಕ. ಗಾಡಿ ನಾ ತರ್ತೇನಿ,” ಎಂದ.

ನೀಲಕಂಠಪ್ಪ ಪೆನ್ಸಿಲನ್ನು ಶ್ರೀದೇವಿಯ ಕೈಗಿಟ್ಟು ಹಲಗೆಯಿಂದ ಇಳಿದ. ಇಳಿಯುವಾಗ ಎರಡೂ ಮೊಳಕಾಲು ಒಟ್ಟಿಗೆ ಕೂಗಿದವು. ಅವಳು ಘಡಿ ಮಾಡುತ್ತಿದ್ದ ಚಾಪೆಯ ಮೇಲೆ ಕೂತು, ಅಂಗಡಿಯಲ್ಲಿ ಮೊದಲ ಸಲ, ಕಾಲು ಉದ್ದಕ್ಕೆ ಚಾಚಿದ.

“ಕಾಕಾ, ಆ ಜಾಗಾ ನಿಮ್ಮದ ಐತ್ರಿ. ನಾ ಹೆಂಗ ಕೂಡ್ರಲಿ?”

“ಕೂಡ್ರು. ವಾರಕ್ಕೊಮ್ಮೆ ಆ ಡಬ್ಬಿಲೆ ನನ್ನ ಫೋಟೋ ತಗಿ. ಎರಡೂ ಕಣ್ಣು ದೆವ್ವನಂಗ ಕೆಂಪಾದ ದಿನಾ ಎಬ್ಬಸ್ತೇನಿ ನಿನ್ನ.”

ಶ್ರೀದೇವಿ ಹಲಗೆಯ ತುದಿಗೆ ಕೂತಳು. ದುರಗೇಶನ ಪಟ್ಟಿ ಬಿದ್ದ ಸೀರೆಯ ಚೀಟಿಯಲ್ಲಿ ‘ನೀ’ ಅಳಿಸಿ, ಮೂರನೆಯ ಸೀರೆಯನ್ನು ಮೊಳಕಾಲ ಮೇಲೆ ಎಳೆದುಕೊಂಡಳು.

“ಸೆರಗಿನಿಂದ,” ಎಂದ ನೀಲಕಂಠಪ್ಪ ಚಾಪೆಯ ಮೇಲಿನಿಂದ. “ನಡುವಿನಿಂದ ಅಲ್ಲ.”